ಬಿಸಿಲು ಹೊತ್ತಿನ ಓದು: ಮನೆಯಲ್ಲೇ ಕಲಿಯುವ ಮಕ್ಕಳ ಬೇಸಿಗೆಗೆ ಒಂದು ಮಾರ್ಗದರ್ಶಿ

ಏಪ್ರಿಲ್ 10ರ ಸುಮಾರಿಗೆ ಶಾಲೆಗಳಲ್ಲಿ ಫಲಿತಾಂಶ ಹೇಳುತ್ತಾರೆ. ಅವತ್ತು ಸಂಜೆ ಎದುರುಮನೆ ಹುಡುಗ ನಮ್ಮ ಗೇಟಿಗೆ ಜೋತುಬಿದ್ದು ನನ್ನ ಮಗಳನ್ನು ಕೇಳುತ್ತಾನೆ, "ನಿಂಗೆ ರಜಾ ಯಾವಾಗ?" ಮೊದಲ ವರ್ಷ ಅವಳು ನನ್ನ ಮುಖ ನೋಡಿದಳು. ನಾನು ಅಡುಗೆಮನೆಗೆ ಹೋಗಿಬಿಟ್ಟೆ. ಶಾಲೆಗೇ ಹೋಗದ ಹುಡುಗಿಗೆ ರಜೆ ಅಂತ ಎಲ್ಲಿಂದ ತರೋದು?

ದಾವಣಗೆರೆಯಲ್ಲಿ ನಾವು ಇಬ್ಬರು ಮಕ್ಕಳಿಗೆ ಮನೆಯಲ್ಲೇ ಕಲಿಸಲು ಶುರುಮಾಡಿ ಇದು ನಾಲ್ಕನೇ ವರ್ಷ. ಮಗಳಿಗೆ ಹತ್ತು, ಮಗನಿಗೆ ಆರು. ಆ ಮೊದಲ ಬೇಸಿಗೆಯಲ್ಲಿ ನಾನು ಮಾಡಿದ್ದು ಶುದ್ಧ ದಡ್ಡತನ. ಊರ ಮಕ್ಕಳೆಲ್ಲ ಪುಸ್ತಕ ಮುಚ್ಚಿಡುವ ಈ ಎರಡು ತಿಂಗಳಲ್ಲಿ ನಮ್ಮವಳು ಮುಂದೆ ಹೋಗಲಿ ಅಂತ ದಿನಕ್ಕೆ ಎರಡು ಗಂಟೆ ಓದು ಕಡ್ಡಾಯ ಮಾಡಿದೆ. ಬೀದಿಯಲ್ಲಿ ಲಗೋರಿಯ ಗಲಾಟೆ, ಕಿಟಕಿಯಲ್ಲಿ ಪುಸ್ತಕ ಹಿಡಿದು ಕೂತ ಮಗಳು. ಗೋಡೆಗೆ ಒಂದು ಚಾರ್ಟ್ ಬೇರೆ, ಪುಸ್ತಕಕ್ಕೊಂದು ನಕ್ಷತ್ರ. ಮೇ ಮುಗಿಯುವ ಹೊತ್ತಿಗೆ ಚಾರ್ಟಿನಲ್ಲಿ 31 ನಕ್ಷತ್ರ ಸೇರಿದ್ದವು. ಒಂದೊಂದೇ ತೆಗೆದು ನೋಡಿದರೆ ಎಲ್ಲವೂ ಹದಿನಾರು ಪುಟದ ಪುಸ್ತಕಗಳು. ಮನೆಯಲ್ಲಿದ್ದ ತೆಳ್ಳನೆಯವನ್ನೆಲ್ಲ ಹುಡುಕಿ ಹುಡುಕಿ ಮುಗಿಸಿದ್ದಳು. ದಪ್ಪನೆಯದೊಂದನ್ನು ಕೈಗೆ ಕೊಟ್ಟರೆ, "ಇದಕ್ಕೂ ಒಂದೇ ಸ್ಟಾರ್ ತಾನೆ?" ಅಂದಳು. ಲೆಕ್ಕದಲ್ಲಿ ಅವಳೇ ಸರಿ.

ಮುಂದಿನ ವರ್ಷ ಓದನ್ನು ಪಾಠದ ಪಟ್ಟಿಯಿಂದ ತೆಗೆದು ಮನೆಗೆಲಸದ ಪಟ್ಟಿಗೆ ಸೇರಿಸಿದೆವು. ಸಂಡಿಗೆ ಕಾಯುವುದು, ಹುಣಸೆಹಣ್ಣಿನ ಬೀಜ ಬಿಡಿಸುವುದು, ಮಧ್ಯಾಹ್ನ ಚಾಪೆ ಹಾಸುವುದು, ಇವುಗಳ ಸಾಲಿನಲ್ಲಿ ಓದೂ ಒಂದು. ಮನೆಯವರೆಲ್ಲ ಮಾಡುತ್ತಾರೆ, ಯಾರೂ ಮಾರ್ಕ್ಸ್ ಕೊಡುವುದಿಲ್ಲ. ನಿಮ್ಮ ಮಕ್ಕಳು ಶಾಲೆಗೇ ಹೋಗುವವರಾದರೂ ಕೆಳಗಿನ ಬಹುಪಾಲು ನಿಮಗೂ ಒಗ್ಗುತ್ತದೆ.

ಮೊದಲು ಪಾಠ ಮುಚ್ಚಿ

ಹೋಮ್‌ಸ್ಕೂಲಿಂಗ್ ಮನೆಗಳಲ್ಲಿ ಪಾಠಕ್ಕೆ ಗಂಟೆ ಹೊಡೆಯುವುದಿಲ್ಲ, ಹಾಗಾಗಿ ರಜೆಗೂ ಗಂಟೆ ಹೊಡೆಯುವುದಿಲ್ಲ. ವರ್ಷವಿಡೀ ಅರ್ಧ ಪಾಠ, ಅರ್ಧ ರಜೆಯಂತೆ ಇರುತ್ತದೆ. ದೊಡ್ಡವರಿಗೆ ಅದು ಸ್ವಾತಂತ್ರ್ಯ ಅನ್ನಿಸಬಹುದು. ಮಕ್ಕಳಿಗೆ ಮಾತ್ರ "ಯಾವಾಗಲೂ ಪಾಠ" ಅನ್ನಿಸುತ್ತದೆ. ಆದ್ದರಿಂದ ಒಂದು ತಾರೀಕು ಗೊತ್ತುಮಾಡಿ, ಜೋರಾಗಿ ಹೇಳಿಬಿಡಿ. ನಾವು ಶಾಲೆಗಳ ರಜೆಯ ದಿನವನ್ನೇ ಇಟ್ಟುಕೊಂಡಿದ್ದೇವೆ, ಏಕೆಂದರೆ ಸಂಜೆ ಆಟಕ್ಕೆ ಜೊತೆ ಬೇಕಲ್ಲ. ಆ ದಿನ ಪಠ್ಯಪುಸ್ತಕ, ವರ್ಕ್‌ಬುಕ್ ಎಲ್ಲ ಒಂದು ಹಳೇ ಬೆಡ್‌ಶೀಟಿನಲ್ಲಿ ಗಂಟು ಕಟ್ಟಿ ಅಟ್ಟ ಸೇರುತ್ತವೆ. ಗಂಟು ಕಟ್ಟುವ ಕೆಲಸ ಮಕ್ಕಳದೇ. ಅದರಲ್ಲಿ ಅವರಿಗಿರುವ ಉತ್ಸಾಹವನ್ನು ವರ್ಷದ ಬೇರೆ ಯಾವ ದಿನವೂ ನಾನು ಕಂಡಿಲ್ಲ.

ಗಣಿತ ಮಾತ್ರ ಬೆಳಿಗ್ಗೆ ಇಪ್ಪತ್ತು ನಿಮಿಷ ಉಳಿಸಿಕೊಂಡಿದ್ದೇವೆ, ಭಾನುವಾರ ಅದೂ ಇಲ್ಲ. ಮಗ್ಗಿ ಬಿಟ್ಟರೆ ಜೂನ್‌ನಲ್ಲಿ ಮತ್ತೆ ಮೊದಲಿಂದ ಹಿಡಿಯಬೇಕಾಗುತ್ತದೆ ಅನ್ನುವುದು ನನ್ನ ಅನುಭವ. ನಿಮ್ಮದು ಬೇರೆ ಇದ್ದರೆ ಅದನ್ನೂ ಬಿಡಿ.

ದೊಡ್ಡ ಮಕ್ಕಳಿರುವ ಮನೆಗೆ ಮಾತ್ರ ಈ ಲೆಕ್ಕ ಬದಲಾಗುತ್ತದೆ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎಲ್ಲರೂ ಹೇಳುವ ಎನ್‌ಐಓಎಸ್, ಹತ್ತನೇ ತರಗತಿಗೆ ಸಮನಾದ ಪರೀಕ್ಷೆಯನ್ನು ವರ್ಷಕ್ಕೆ ಎರಡು ಸಲ ನಡೆಸುತ್ತದೆ: ಏಪ್ರಿಲ್-ಮೇ ಒಂದು, ಅಕ್ಟೋಬರ್-ನವೆಂಬರ್ ಒಂದು. ಅದಕ್ಕೆ ಸೇರಲು ಮಗುವಿಗೆ 14 ತುಂಬಿರಬೇಕು. ಆತುರವಿಲ್ಲದಿದ್ದರೆ ಅಕ್ಟೋಬರ್ ಸರದಿಯನ್ನೇ ಆರಿಸಿಕೊಳ್ಳಿ, ಬೇಸಿಗೆ ಉಳಿಯುತ್ತದೆ. ಚಿಕ್ಕವರಿಗೆ ಅದರಲ್ಲೇ ಎ, ಬಿ, ಸಿ ಎಂದು ಮೂರು ಹಂತಗಳಿವೆ. ಅವು ಮೂರು, ಐದು, ಎಂಟನೇ ತರಗತಿಗೆ ಸಮ. ಹತ್ತು ವರ್ಷದ ಮಗುವಿಗೆ ಈಗಲೇ ಅದರ ಚಿಂತೆ ಬೇಡ ಅಂತ ನನ್ನ ಅಭಿಪ್ರಾಯ.

"ಕಾನೂನು ಏನನ್ನುತ್ತೆ?" ಅಂತ ನೆಂಟರು ಕೇಳಿಯೇ ಕೇಳುತ್ತಾರೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣದ ಮಾತಾಡುತ್ತದೆ. ಮನೆಯಲ್ಲೇ ಕಲಿಸುವವರಿಗೆ ಅಂತ ಅದರಲ್ಲಿ ಪ್ರತ್ಯೇಕ ನಿಯಮವಿಲ್ಲ. ಶಾಲೆಯಿಂದ ಹೊರಗುಳಿದ ಮಕ್ಕಳ ಸಮೀಕ್ಷೆಗೆ ಮೇಷ್ಟ್ರು ಬಾಗಿಲಿಗೆ ಬಂದರೆ ಬಾಗಿಲು ಹಾಕಿಕೊಳ್ಳಬೇಡಿ. ಕೂರಿಸಿ, ನೀರು-ಮಜ್ಜಿಗೆ ಕೊಟ್ಟು, ಮಗು ಏನು ಓದುತ್ತಿದೆ ಅಂತ ತೋರಿಸಿ. ತೋರಿಸಲು ಒಂದು ನೋಟ್‌ಬುಕ್ ಬೇಕಾಗುತ್ತದೆ, ಅದರ ವಿಷಯ ಮುಂದೆ ಬರುತ್ತದೆ.

ದಿನವನ್ನು ಬಿಸಿಲಿಗೆ ಒಪ್ಪಿಸಿ

ನಮ್ಮ ಕಡೆ ಏಪ್ರಿಲ್ ಅಂದರೆ 37-38 ಡಿಗ್ರಿ. ಹನ್ನೊಂದರ ಮೇಲೆ ಹೊರಗೆ ಕಾಲಿಡುವ ಹಾಗಿಲ್ಲ, ನಾಲ್ಕೂವರೆ ತನಕ ಮನೆಯೇ ಗತಿ. ವೇಳಾಪಟ್ಟಿಯನ್ನು ನಾವು ಬರೆಯುವ ಅಗತ್ಯವೇ ಇಲ್ಲ, ಬಿಸಿಲು ಬರೆದಿಟ್ಟಿರುತ್ತದೆ.

ಬೆಳಿಗ್ಗೆ ಐದೂವರೆಯಿಂದ ಎಂಟರವರೆಗೆ ಹೊರಗೆ. ನಾವು ಕುಂದುವಾಡ ಕೆರೆ ಏರಿಯ ಮೇಲೆ ನಡೆಯುತ್ತೇವೆ. ಮಗನಿಗೆ ನೀರುಕಾಗೆಗಳನ್ನು ಎಣಿಸುವ ಹುಚ್ಚು. ಎಂಟೂವರೆಯಿಂದ ಹನ್ನೊಂದು ತಿಂಡಿ, ಗಣಿತ, ಮನೆಗೆಲಸ. ಊಟ ಬೇಗ, ಹನ್ನೆರಡೂವರೆಗೆ ಮುಗಿಸಿ. ಅಲ್ಲಿಂದ ನಾಲ್ಕರವರೆಗೆ ಮನೆಗೆಲ್ಲ ಒಂದೇ ಕೋಣೆ: ಕಿಟಕಿ ಪರದೆ ಎಳೆದು, ಕಾವಿ ನೆಲ ಒದ್ದೆ ಬಟ್ಟೆಯಿಂದ ಒರೆಸಿ, ಚಾಪೆ ಹಾಸಿ, ಮಧ್ಯದಲ್ಲಿ ಪುಸ್ತಕದ ಬುಟ್ಟಿ ಇಡುವುದು. ಮೊದಲ ಅರ್ಧ ಗಂಟೆ ನಾನು ಓದಿ ಹೇಳುತ್ತೇನೆ. ಆಮೇಲೆ ಅವರವರ ಪುಸ್ತಕ ಅವರವರಿಗೆ. ನಿದ್ದೆ ಬಂದವರು ನಿದ್ದೆ ಮಾಡಬಹುದು, ಮುಖದ ಮೇಲೆ ಪುಸ್ತಕ ಮಗುಚಿಕೊಂಡು ಮಲಗುವುದನ್ನೂ ನಾವು ಓದಿನ ಲೆಕ್ಕಕ್ಕೇ ಹಿಡಿಯುತ್ತೇವೆ.

ಇಲ್ಲಿ ಒಂದೇ ಕಟ್ಟುನಿಟ್ಟು. ಆ ಹೊತ್ತಿನಲ್ಲಿ ಯಾರ ಕೈಯಲ್ಲೂ ಮೊಬೈಲ್ ಇರಬಾರದು, ಅಪ್ಪ-ಅಮ್ಮಂದೂ ಸೇರಿ. ನಮ್ಮ ಮನೆಯವರಿಗೆ ಇದು ಮಕ್ಕಳಿಗಿಂತ ಕಷ್ಟವಾಯಿತು. ಅವರು ಕೊನೆಗೆ ಹಿಡಿದದ್ದು ಪಂಪ್‌ಸೆಟ್ ರಿಪೇರಿಯ ಒಂದು ಕೈಪಿಡಿ. ಪರವಾಗಿಲ್ಲ. ಅಪ್ಪ ಏನು ಓದುತ್ತಿದ್ದಾನೆ ಅನ್ನುವುದನ್ನು ಮಕ್ಕಳು ಅಷ್ಟಾಗಿ ಗಮನಿಸುವುದಿಲ್ಲ, ಓದುತ್ತಿದ್ದಾನೆ ಅನ್ನುವುದನ್ನು ಗಮನಿಸುತ್ತಾರೆ. ಎರಡನೇ ವಾರ ಮಗ ಬಂದು ಆ ಕೈಪಿಡಿಯ ಚಿತ್ರಗಳನ್ನು ತೋರಿಸಿ "ನೀರು ಯಾಕೆ ಮೇಲಕ್ಕೆ ಬರುತ್ತೆ?" ಅಂತ ಕೇಳಿದ. ಕತೆ ಪುಸ್ತಕದಿಂದ ಅಂಥ ಪ್ರಶ್ನೆ ಅವನಿಗೆ ಇನ್ನೂ ಹುಟ್ಟಿರಲಿಲ್ಲ.

ಪುಸ್ತಕ ಕೂಡಿಸುವುದು

ಏಳು ವಾರಕ್ಕೆ ಮಗುವೊಂದಕ್ಕೆ ಮೂವತ್ತು-ನಲವತ್ತು ಪುಸ್ತಕ ಕೈಯಳತೆಯಲ್ಲಿರಬೇಕು. ಎಲ್ಲವನ್ನೂ ಓದಲಿ ಅಂತಲ್ಲ, ಬೇಡ ಅನ್ನುವುದಕ್ಕೂ ಅಷ್ಟು ಬೇಕು. ಕೊಂಡು ಪೂರೈಸಲು ಆಗದು, ಬೇಕಾಗಿಯೂ ಇಲ್ಲ.

ನಗರದ ಸಾರ್ವಜನಿಕ ಗ್ರಂಥಾಲಯದಲ್ಲಿ ಸದಸ್ಯರಾಗಿ. ಫೋಟೊ, ವಿಳಾಸದ ದಾಖಲೆ ಜೊತೆಗಿರಲಿ. ಸೋಮವಾರ ಹೋಗಬೇಡಿ, ರಜೆ. ಮಕ್ಕಳ ಪುಸ್ತಕಗಳು ಎಲ್ಲಿವೆ ಅಂತ ಕೇಳಲು ಸಂಕೋಚ ಪಡಬೇಡಿ. ಹಿಂದಿನ ಕೋಣೆಯ ಬೀರುವಿನಲ್ಲಿ ಬೀಗ ಹಾಕಿ ಭದ್ರವಾಗಿ ಇಟ್ಟಿರುವ ಗ್ರಂಥಾಲಯಗಳನ್ನು ನಾನು ಕಂಡಿದ್ದೇನೆ. ಮಕ್ಕಳು ಹರಿಯುತ್ತಾರೆ ಅಂತ ಹೆದರಿಕೆ. ಎರಡು ಸಲ ಹೋಗಿ ಪುಸ್ತಕವನ್ನು ನೆಟ್ಟಗೆ ವಾಪಸು ಕೊಟ್ಟರೆ ಮೂರನೇ ಸಲ ಬೀಗ ತಾನೇ ತೆರೆಯುತ್ತದೆ.

ರಜೆಗೆ ಹಳ್ಳಿಗೆ ಹೋಗುವವರು ಅಲ್ಲಿಯ ಗ್ರಾಮ ಪಂಚಾಯಿತಿ ಗ್ರಂಥಾಲಯ ಮರೆಯಬೇಡಿ. ಈಗ ಅದಕ್ಕೆ ಅರಿವು ಕೇಂದ್ರ ಅಂತ ಹೆಸರು. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ. ಮಗಳು ತನ್ನ ಮೊದಲ ಸದಸ್ಯತ್ವ ಕಾರ್ಡು ಪಡೆದದ್ದು ನನ್ನ ಅತ್ತೆಯ ಊರಲ್ಲಿ, ಚಳ್ಳಕೆರೆ ತಾಲ್ಲೂಕಿನ ಹಳ್ಳಿಯಲ್ಲಿ.

ಕೊಳ್ಳುವುದಾದರೆ ನ್ಯಾಷನಲ್ ಬುಕ್ ಟ್ರಸ್ಟ್‌ನ ಮಕ್ಕಳ ಪುಸ್ತಕಗಳು ಅಗ್ಗ, ಚಿತ್ರ ಚೆನ್ನ. ನವಕರ್ನಾಟಕದಲ್ಲಿ ವಿಜ್ಞಾನದ ಚಿಕ್ಕ ಪುಸ್ತಕಗಳು ಸಿಗುತ್ತವೆ. ದುಡ್ಡೇ ಬೇಡ ಅಂದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಕತೆಗಳು ಧಾರಾಳವಾಗಿವೆ. ಓದಿನ ಮಟ್ಟಕ್ಕೆ ತಕ್ಕಂತೆ ಒಂದರಿಂದ ನಾಲ್ಕು ಅಂತ ಗುರುತು ಹಾಕಿದ್ದಾರೆ. ಇಳಿಸಿಕೊಂಡು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ, ನಡುವೆ ದಾರ ಹೊಲಿದರೆ ಪುಸ್ತಕ ಆಯಿತು. ಸೂಜಿ-ದಾರ ಮಕ್ಕಳ ಕೈಗೇ ಕೊಡಿ. ತಾನು ಹೊಲಿದ ಪುಸ್ತಕವನ್ನು ಮಗು ಅಷ್ಟು ಸುಲಭವಾಗಿ ಮೂಲೆಗೆಸೆಯುವುದಿಲ್ಲ.

ಇದಲ್ಲದೆ ಮನೆಯಲ್ಲೇ ಬಿದ್ದಿರುವುದು ಎಷ್ಟೋ ಇದೆ: ಹಳೇ ವಾರಪತ್ರಿಕೆಗಳ ಕಟ್ಟು, ಪಂಚಾಂಗ, ಮದುವೆ ಕರೆಯೋಲೆಗಳು, ದಿನಾ ಬೆಳಿಗ್ಗೆ ಬರುವ ಜನತಾವಾಣಿ. ಮಗ ಮೊದಲು ತಾನಾಗಿ ಓದಿದ್ದು ಪುಸ್ತಕವಲ್ಲ, ಮಂಡಕ್ಕಿ ಕಟ್ಟಿಕೊಟ್ಟ ಪೇಪರ್ ತುಂಡು. "ಅಮ್ಮಾ, ಇದರಲ್ಲಿ ಅರ್ಧ ಕಳ್ಳತನ ಐತಿ" ಅಂದ. ಸುದ್ದಿ ಅರ್ಧಕ್ಕೇ ಹರಿದಿತ್ತು. ಕಳ್ಳ ಸಿಕ್ಕಿದನೋ ಇಲ್ಲವೋ ಅಂತ ಇವತ್ತಿಗೂ ಕೇಳುತ್ತಾನೆ.

ಓದಿ ಹೇಳುವ ಅರ್ಧ ಗಂಟೆ

ಇದೊಂದನ್ನು ಮಾಡಿ ಉಳಿದದ್ದೆಲ್ಲ ಬಿಟ್ಟರೂ ಬೇಸಿಗೆ ವ್ಯರ್ಥವಾಗುವುದಿಲ್ಲ ಅಂತ ನಾನು ನಂಬಿದ್ದೇನೆ. ಮಗು ಸ್ವತಃ ಓದಲು ಕಲಿತ ಮೇಲೂ ಓದಿ ಹೇಳುವುದನ್ನು ನಿಲ್ಲಿಸಬೇಡಿ. ಹೆಚ್ಚಿನ ಮನೆಗಳಲ್ಲಿ ಎಡವಟ್ಟಾಗುವುದು ಅಲ್ಲೇ. "ಈಗ ನಿಂಗೇ ಬರುತ್ತಲ್ಲ, ಓದ್ಕೋ" ಅಂದುಬಿಡುತ್ತೇವೆ. ಕತೆ ಕೇಳುವ ಸುಖ ನಿಂತು ಅಕ್ಷರ ಕೂಡಿಸುವ ಕಷ್ಟ ಮಾತ್ರ ಉಳಿಯುತ್ತದೆ.

ಕನ್ನಡದ ಮಟ್ಟಿಗೆ ಇದಕ್ಕೆ ಇನ್ನೂ ಒಂದು ಕಾರಣವಿದೆ. ನಮ್ಮ ಮಕ್ಕಳು ಆಡುವ ಕನ್ನಡ ಬೇರೆ, ಪುಸ್ತಕದ ಕನ್ನಡ ಬೇರೆ. ಮನೆಯಲ್ಲಿ "ಬರ್ತೈತಿ", "ಹೋಗ್ಯಾರೆ", "ಆತು" ಅನ್ನುವ ಮಗುವಿಗೆ ಪುಸ್ತಕ ತೆರೆದ ಕೂಡಲೇ "ಬರುತ್ತದೆ", "ಹೋಗಿದ್ದಾರೆ", "ಆಯಿತು". ಅಕ್ಷರ ಗೊತ್ತಿದ್ದರೂ ಈ ಮಾತು ಯಾರದ್ದು ಅಂತ ಗೊತ್ತಾಗುವುದಿಲ್ಲ. ಪುಸ್ತಕದ ಕನ್ನಡ ಕಿವಿಗೆ ಬಿದ್ದಿದ್ದರೆ ಕಣ್ಣಿಗೆ ಕೆಲಸ ಅರ್ಧ ಕಡಿಮೆ. ಕಿವಿಗೆ ಬೀಳಿಸುವುದು ನಮ್ಮ ಬಾಯಿಯಿಂದಲೇ ಆಗಬೇಕು.

ನಾವು ಗಮಕದ ಪದ್ಧತಿಯನ್ನೇ ಎರವಲು ತಂದೆವು. ಒಬ್ಬರು ವಾಚನ, ಇನ್ನೊಬ್ಬರು ವ್ಯಾಖ್ಯಾನ. ನಾನು ಒಂದು ಪ್ಯಾರಾ ಪುಸ್ತಕದಲ್ಲಿದ್ದ ಹಾಗೇ ಓದುತ್ತೇನೆ, ಒಂದು ಪದವನ್ನೂ ಸುಲಭ ಮಾಡುವುದಿಲ್ಲ. ನಮ್ಮ ಮನೆಯವರು ಅದನ್ನೇ ಆಡುಮಾತಿನಲ್ಲಿ, ಸ್ವಲ್ಪ ಮಸಾಲೆ ಹಾಕಿ ಹೇಳುತ್ತಾರೆ. ಅವರಿಲ್ಲದ ದಿನ ವ್ಯಾಖ್ಯಾನ ಮಗಳದ್ದು. ಅರ್ಥ ಆಯಿತೋ ಇಲ್ಲವೋ ಅಂತ ಪ್ರಶ್ನೆ ಕೇಳುವ ಪ್ರಮೇಯವೇ ಬರುವುದಿಲ್ಲ. ಅವಳು ತಮ್ಮನಿಗೆ ಹೇಳುವುದನ್ನು ಕೇಳಿದರೆ ಸಾಕು.

ಇನ್ನು ಕೆಲವು ಸಣ್ಣ ಸೂಚನೆಗಳು. ಓದಿ ಹೇಳುವ ಪುಸ್ತಕ ಮಗು ತಾನೇ ಓದುವ ಮಟ್ಟಕ್ಕಿಂತ ಒಂದೆರಡು ಮೆಟ್ಟಿಲು ಮೇಲಿರಲಿ, ಅಧ್ಯಾಯಗಳಿರುವ ಉದ್ದನೆಯ ಕತೆಯಾದರೆ ಒಳ್ಳೆಯದು. ಬಾಗಿಲು ಬಡಿದ ಸದ್ದಾಯಿತು ಅನ್ನುವಲ್ಲಿ ನಿಲ್ಲಿಸಿ, ಯಾರು ಬಂದರು ಅಂತ ನಾಳೆ. ನೀತಿಪಾಠ ತೆಗೆಯಬೇಡಿ. ಕೇಳುವವರ ಕೈಗೆ ಕೆಲಸ ಕೊಡಿ. ಆರು ವರ್ಷದವನನ್ನು ಸುಮ್ಮನೆ ಕೂರಿಸಿ ಕತೆ ಹೇಳುವುದು ಕರುವನ್ನು ಕಟ್ಟಿಹಾಕಿ ಹಾಡು ಕೇಳಿಸಿದ ಹಾಗೆ. ಹುಣಸೆಹಣ್ಣಿನ ಬೀಜ ಬಿಡಿಸಲಿ, ಅವರೆ ಹಸನು ಮಾಡಲಿ.

ಅತ್ತೆಯ ಊರಿನಲ್ಲಿ ಮೇ ತಿಂಗಳೆಂದರೆ ಬಿತ್ತನೆಗೆ ಶೇಂಗಾ ಸುಲಿಯುವ ಕಾಲ. ಮುಂಗಾರು ಬೀಳುವುದರೊಳಗೆ ಮೂಟೆಗಟ್ಟಲೆ ಕಾಯಿ ಕೈಯಲ್ಲೇ ಬಿಡಿಸಬೇಕು. ಪಡಸಾಲೆಯಲ್ಲಿ ಆರೇಳು ಹೆಂಗಸರು ಕೂತು ಸುಲಿಯುತ್ತಿರುತ್ತಾರೆ. ನಮ್ಮ ಅತ್ತೆಗೆ ಹೋಮ್‌ಸ್ಕೂಲಿಂಗ್ ಅಂದರೆ ಆಗುವುದಿಲ್ಲ, "ಇದ್ದೂರಲ್ಲಿ ಶಾಲೆ ಇಲ್ವೇನು ನಿಮಗೆ?" ಅಂತ ಪ್ರತಿ ಸಲವೂ ಕೇಳುತ್ತಾರೆ. ಹೋದ ವರ್ಷ ಅಲ್ಲೇ ಮೂಲೆಯಲ್ಲಿ ಕೂತು ಮಕ್ಕಳಿಗೆ ಓದುತ್ತಿದ್ದೆ. ಮೂರನೇ ದಿನ ನಾನು ಪುಸ್ತಕ ಮುಚ್ಚಿದಾಗ ಅತ್ತೆ ಕೈಯಲ್ಲಿದ್ದ ಕಾಯಿ ಹಾಗೇ ಹಿಡಿದುಕೊಂಡು, "ಅಯ್ಯ, ಆ ಹುಡುಗನ ಕತೆ ಏನಾತು? ಓದವ್ವ ಇನ್ನೊಂದೀಟು" ಅಂದರು. ಶಾಲೆಯ ವಿಷಯದಲ್ಲಿ ಅವರ ಮನಸ್ಸು ಬದಲಾಗಿಲ್ಲ, ಮೊನ್ನೆ ಯುಗಾದಿಗೂ ಅದೇ ಪ್ರಶ್ನೆ ಬಂತು. ಆದರೆ ಈ ಸಲ ಬರುವಾಗ ಯಾವ ಪುಸ್ತಕ ತರುತ್ತೀ ಅಂತಲೂ ಕೇಳಿದರು.

ಒತ್ತಕ್ಷರದಲ್ಲಿ ಎಡವುವ ಮಗು

ಕಾಗುಣಿತ ಬಂತು, ಓದು ಓಡುತ್ತಿಲ್ಲ ಅನ್ನುವ ದೂರು ಬಹಳ ಮನೆಗಳಲ್ಲಿದೆ. ತಡೆಯುವುದು ಎಲ್ಲಿ ಅಂತ ಕಿವಿಗೊಟ್ಟು ಕೇಳಿ. ನಮ್ಮ ಮಗನದು ಎರಡು ಕಡೆ. ಒಂದು, ಮೂಲ ಅಕ್ಷರವನ್ನು ಹೋಲದ ಒತ್ತುಗಳು. ಕ, ಗ, ಪ, ಬ ಇವುಗಳ ಒತ್ತು ನೋಡಿದರೆ ಅಮ್ಮನ ಹಾಗಿರುವ ಮಗುವಿನಂತೆ ಗುರುತು ಸಿಗುತ್ತದೆ. ತ, ನ, ಮ, ಯ, ರ, ಲ ಹಾಗಲ್ಲ. ಅವುಗಳ ಒತ್ತಿನ ರೂಪವೇ ಬೇರೆ. ಇನ್ನೊಂದು ಅರ್ಕಾವೊತ್ತು. 'ಧರ್ಮ'ವನ್ನು ಹಳೆಯ ರೀತಿಯಲ್ಲಿ ಬರೆಯುವಾಗ ಬಾಯಲ್ಲಿ ಮೊದಲು ಬರುವ ರಕಾರ ಬರಹದಲ್ಲಿ ಮಕಾರದ ನಂತರ ಕೂರುತ್ತದೆ. ಕಣ್ಣು ಮುಂದೆ ಹೋಗಿ ನಾಲಿಗೆ ಹಿಂದೆ ಬರಬೇಕು. ಆರು ವರ್ಷದವನಿಗೆ ಇದು ಮೋಸ ಅನ್ನಿಸಿದರೆ ತಪ್ಪೇನು?

ಇದಕ್ಕೆ ತಿದ್ದಿ ಬರೆಸುವುದಕ್ಕಿಂತ ಬೇಟೆಗೆ ಕಳಿಸುವುದು ಲೇಸು. ಸಂಜೆ ಪೇಟೆಗೆ ಹೋದಾಗ ಒಂದು ದಿನಕ್ಕೆ ಒಂದೇ ಒತ್ತು: ಇವತ್ತು ಯಕಾರದ ಒತ್ತು, ನಾಳೆ ಅರ್ಕಾವೊತ್ತು. ಅಂಗಡಿ ಬೋರ್ಡು, ಬಸ್ಸಿನ ಹಣೆಬೋರ್ಡು, ಗೋಡೆ ಜಾಹೀರಾತು ಎಲ್ಲೆಲ್ಲಿ ಕಂಡಿತೋ ಎಣಿಸಬೇಕು. 'ಬೆಣ್ಣೆದೋಸೆ' ಅನ್ನುವ ಒಂದೇ ಬೋರ್ಡು ದಾವಣಗೆರೆಯಲ್ಲಿ ಹೆಜ್ಜೆಗೊಂದು ಸಿಗುವುದರಿಂದ ಣಕಾರದ ಒತ್ತು ನಮ್ಮವನಿಗೆ ಎಲ್ಲಕ್ಕಿಂತ ಮೊದಲು ಬಂತು.

ಒಂದೇ ಪುಸ್ತಕವನ್ನು ಹತ್ತು ಸಲ ಓದುತ್ತಾನೆ ಅಂತ ಬೇಸರ ಬೇಡ. ಐದನೇ ಸಲಕ್ಕೆ ಅಕ್ಷರ ಕೂಡಿಸುವುದು ಬಿಟ್ಟು ಪದ ಹಿಡಿಯುತ್ತಾನೆ, ಎಂಟನೇ ಸಲಕ್ಕೆ ವಾಕ್ಯ. ಒಂದು ಪುಟದಲ್ಲಿ ಐದಾರು ಕಡೆ ತಡವರಿಸಿದರೆ ಆ ಪುಸ್ತಕ ಓದಿ ಹೇಳುವ ರಾಶಿಗೆ ಹೋಗಲಿ, ತಾನೇ ಓದುವುದಕ್ಕೆ ಇನ್ನೂ ಸುಲಭದ್ದು ಕೊಡಿ. ನಡುವೆ ತಪ್ಪು ತಿದ್ದಲು ಬಾಯಿ ಹಾಕಬೇಡಿ. ಅರ್ಥ ಕೆಟ್ಟರೆ ಅವನೇ ಹಿಂದಕ್ಕೆ ಹೋಗುತ್ತಾನೆ.

ನೆಂಟರ ಮಕ್ಕಳು ಬಂದಾಗ

ಮೇ ಮೊದಲ ವಾರ ಅಕ್ಕ-ತಂಗಿಯರ, ನಾದಿನಿಯ ಮಕ್ಕಳು ಬಂದಿಳಿಯುತ್ತಾರೆ. ಜೊತೆಗೆ ಎರಡು ಮೊಬೈಲು, ಒಂದು ಟ್ಯಾಬು. ಕೂಡಿಟ್ಟ ಕ್ರಮವೆಲ್ಲ ಮೂರು ದಿನದಲ್ಲಿ ಮಾಯ. ಮೊದಲು ನಾನು ಇದನ್ನು ತಡೆಯಲು ಹೋಗಿ ನಾದಿನಿಯ ಹತ್ತಿರ ಮಾತು ಬಿಡುವ ಹಂತಕ್ಕೆ ಬಂದಿದ್ದೆ. ಈಗ ಆ ವಾರವನ್ನು ಬಿಟ್ಟುಕೊಟ್ಟಿದ್ದೇನೆ, ಓದಿ ಹೇಳುವ ಅರ್ಧ ಗಂಟೆ ಮಾತ್ರ ಬಿಟ್ಟಿಲ್ಲ. ಎಂಟು ಮಕ್ಕಳು ಚಾಪೆ ತುಂಬ ಮಲಗಿ ಕತೆ ಕೇಳುವುದು ಇಬ್ಬರಿಗಿಂತ ಸುಲಭ.

ನಾಲ್ಕನೇ ದಿನಕ್ಕೆ ಮೊಬೈಲ್ ಬೇಜಾರಾಗುವ ಹೊತ್ತು ಕಾದು ಒಂದು ಹಳೇ ರಿಜಿಸ್ಟರ್, ಒಂದು ಸ್ಟಾಂಪ್ ಪ್ಯಾಡ್ ಹೊರಗೆ ತೆಗೆಯಿರಿ. ಜಗಲಿಯಲ್ಲಿ ಲೈಬ್ರರಿ ಆಟ ತಾನಾಗಿ ಶುರುವಾಗುತ್ತದೆ. ನಮ್ಮಲ್ಲಿ ಮಗಳು ಲೈಬ್ರರಿಯನ್. ತಡವಾಗಿ ಪುಸ್ತಕ ತಂದವರಿಗೆ ಒಂದು ಹಿಡಿ ಮಂಡಕ್ಕಿ ದಂಡ. ಬೀದಿಯ ಮಕ್ಕಳೂ ಸೇರಿಕೊಂಡು ಪುಸ್ತಕ ಒಯ್ದರು. ಎರಡು ವಾಪಸು ಬರಲೇ ಇಲ್ಲ. ಇರಲಿ.

ಹಪ್ಪಳ-ಸಂಡಿಗೆಯ ದಿನ ಮಾಳಿಗೆಯ ಮೇಲೆ ಕಾಗೆ ಕಾಯುವ ಕೆಲಸವನ್ನು ಓದುವ ಮಗುವಿಗೆ ಕೊಡುವ ಮುನ್ನ ಯೋಚಿಸಿ. ಬಾಗಿಲ ನೆರಳಲ್ಲಿ ಕೂತು ಮಗಳು ಪುಸ್ತಕ ಮುಗಿಸಿದಳು, ಕಾಗೆಗಳು ಸಂಡಿಗೆ ಮುಗಿಸಿದವು.

ಕಲ್ಲು ಓದಲು ಹೋಗಿ

ಏಳು ವಾರದಲ್ಲಿ ಎರಡು ಅಥವಾ ಮೂರು ಪ್ರವಾಸ ಸಾಕು. ಹೋಗುವ ಮೊದಲು ಮನೆಯಲ್ಲಿ ಓದು, ಅಲ್ಲಿ ಹೋಗಿ ನೋಟ, ಬಂದ ಮೇಲೆ ಮಾತು. ದಾವಣಗೆರೆ-ಚಿತ್ರದುರ್ಗದವರಿಗೆ ಈ ವಿಷಯದಲ್ಲಿ ಬಡತನವಿಲ್ಲ. 1997ರವರೆಗೆ ಎರಡೂ ಒಂದೇ ಜಿಲ್ಲೆಯಾಗಿದ್ದವು.

ದುರ್ಗದ ಕೋಟೆ ಎಲ್ಲರಿಗೂ ಗೊತ್ತು. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಒಳಗಿರಿ, ಹತ್ತರೊಳಗೆ ಇಳಿದುಬಿಡಿ, ಬಂಡೆ ಕಾದರೆ ಚಪ್ಪಲಿಯೂ ಸುಡುತ್ತದೆ. ಒನಕೆ ಓಬವ್ವನ ಕತೆಯನ್ನು ಹಿಂದಿನ ರಾತ್ರಿಯೇ ಹೇಳಿ, ಕಿಂಡಿಯ ಹತ್ತಿರ ಮಗು ನಿಮಗೆ ಹೇಳಲಿ. ತಿಂಡಿಯ ಚೀಲ ಕೋತಿಗಳಿಂದ ದೂರವಿರಲಿ.

ಊರಿಗೆ ಅಂಟಿಕೊಂಡಂತೇ ಇರುವ ಚಂದ್ರವಳ್ಳಿಯಲ್ಲಿ ಭೈರವೇಶ್ವರ ದೇವಸ್ಥಾನದ ಬಳಿ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನವಿದೆ, ನಾಲ್ಕನೇ ಶತಮಾನದ್ದು. ಅದು ಕೆರೆಯ ವಿಷಯ ಹೇಳುತ್ತದೆ. ಕುಂದುವಾಡ ಕೆರೆ ಏರಿಯ ಮೇಲೆ ದಿನಾ ನಡೆಯುವ ಮಕ್ಕಳಿಗೆ, ರಾಜ ಕಲ್ಲಿನಲ್ಲಿ ಬರೆಸಿದ್ದು ಕೆರೆಯ ಸುದ್ದಿ ಅಂದರೆ ತಮ್ಮದೇ ಮಾತು ಅನ್ನಿಸಿತು.

ನನಗೆ ಇವೆಲ್ಲಕ್ಕಿಂತ ಹೆಚ್ಚು ಪ್ರಿಯವಾದದ್ದು ಬ್ರಹ್ಮಗಿರಿ. ಚಳ್ಳಕೆರೆ ದಾಟಿ ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರದ ಹತ್ತಿರ. ಅಶೋಕನ ಶಾಸನ, ಕ್ರಿಸ್ತಪೂರ್ವ ಮೂರನೇ ಶತಮಾನ, 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದ್ದು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂದು ಅಕ್ಕಪಕ್ಕದಲ್ಲೇ ಮೂರು ಕಡೆ ಇವೆ. ಪ್ರಾಕೃತ ಭಾಷೆ, ಬ್ರಾಹ್ಮಿ ಲಿಪಿ. ಹೋಗುವ ಮುಂಚಿನ ವಾರ ಮಧ್ಯಾಹ್ನಗಳಲ್ಲಿ ಹತ್ತು ಬ್ರಾಹ್ಮಿ ಅಕ್ಷರ ಕಲಿಸಿಕೊಳ್ಳಿ, ಕಷ್ಟವೇನಿಲ್ಲ. ಕ ಅಂದರೆ ಕೂಡುವ ಚಿಹ್ನೆ. ಠ ಅಂದರೆ ಬರೀ ಸುತ್ತು, ಥ ಅಂದರೆ ಸುತ್ತಿನೊಳಗೆ ಒಂದು ಚುಕ್ಕೆ. ನಮ್ಮ ಇವತ್ತಿನ ಠ, ಥ ಬರೆದು ಪಕ್ಕದಲ್ಲಿಟ್ಟು ನೋಡಲು ಹೇಳಿ. ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಕಳೆದರೂ ಸುತ್ತು ಸುತ್ತೇ.

ಆ ಶಾಸನ ಹೇಳುವ ಮಾತುಗಳೂ ಮನೆಮಾತೇ: ತಂದೆತಾಯಿಯ ಮಾತು ಕೇಳಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು. (ಮಗಳು ಕೇಳಿದ ಪ್ರಶ್ನೆ: "ಅಮ್ಮನೇ ಟೀಚರ್ ಆದ್ರೆ ಎರಡು ಸಲ ಕೇಳ್ಬೇಕಾ?") ಆದರೆ ಮಕ್ಕಳಿಗೆ ಹಿಡಿಸಿದ್ದು ಕೊನೆಯ ಸಾಲು. ಬರೆದವನು ಚಪಡ ಎಂಬ ಲಿಪಿಕಾರ. ತನ್ನ ಹೆಸರು ಬ್ರಾಹ್ಮಿಯಲ್ಲಿ ಬರೆದು, 'ಲಿಪಿಕಾರ' ಅನ್ನುವ ಪದವನ್ನು ಮಾತ್ರ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಅದು ದೂರದ ವಾಯವ್ಯ ಭಾಗದ ಲಿಪಿ, ಬಲದಿಂದ ಎಡಕ್ಕೆ ಬರೆಯುವುದು. ಇಲ್ಲಿಯವರಿಗೆ ಯಾರಿಗೂ ಓದಲು ಬಾರದ ಅಕ್ಷರದಲ್ಲಿ ತನ್ನ ಕಸುಬಿನ ಹೆಸರು ಯಾಕೆ ಬರೆದ? ಮಗಳ ಪ್ರಕಾರ ಜಂಬ. ಮಗನ ಪ್ರಕಾರ ಅವನಿಗೆ ಊರು ನೆನಪಾಯಿತು. 6 ಅನ್ನು ಇನ್ನೂ ಉಲ್ಟಾ ಬರೆಯುವ ಮಗನಿಗೆ, ಬಲದಿಂದ ಬರೆಯುವವರೂ ಲೋಕದಲ್ಲಿ ಇದ್ದರು ಅನ್ನುವುದು ದೊಡ್ಡ ಸಮಾಧಾನ.

ಅಷ್ಟು ದೂರ ಆಗದವರು ಹರಿಹರದ ಹರಿಹರೇಶ್ವರ ದೇವಸ್ಥಾನಕ್ಕೆ ಹೋಗಿ; ಹೊಯ್ಸಳರ ಕಾಲದ್ದು, ಕಲ್ಲಿನ ಮೇಲೆ ಹಳಗನ್ನಡದ ಅಕ್ಷರಗಳೇ ಕಣ್ಣಿಗೆ ಬೀಳುತ್ತವೆ. ಹಿರಿಯೂರಿನ ಕಡೆ ನೆಂಟರಿದ್ದರೆ ವಾಣಿವಿಲಾಸ ಸಾಗರ. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಮುಗಿದ ಕಟ್ಟೆ 1933ರಲ್ಲಿ ಕೋಡಿ ಬಿದ್ದಿತ್ತು, ಮತ್ತೆ ಬಿದ್ದದ್ದು 2022ರಲ್ಲಿ. ನಡುವೆ ಎಷ್ಟು ವರ್ಷ ಅಂತ ಮಕ್ಕಳೇ ಕಳೆಯಲಿ, ಅವತ್ತಿನ ಗಣಿತ ಅಲ್ಲಿಗೆ ಮುಗಿಯಿತು.

ದಿನಕ್ಕೊಂದು ಸಾಲು

ಓದಿದ ಪುಸ್ತಕದ ಸಾರಾಂಶ ಬರೆಸಬೇಡಿ. ಇನ್ನೂರು ಪುಟದ ನೋಟ್‌ಬುಕ್ ಒಂದರಲ್ಲಿ ತಾರೀಕು ಹಾಕಿ ಒಂದೇ ಸಾಲು, ಯಾವುದಾದರೂ ಸರಿ. ಬರೆಯಲು ಬಾರದವರದ್ದನ್ನು ಹೇಳಿದ ಹಾಗೇ ದೊಡ್ಡವರು ಬರೆದುಕೊಳ್ಳಲಿ, ಆಡುಮಾತು ತಿದ್ದದೆ. ನಮ್ಮ ನೋಟ್‌ಬುಕ್ಕಿನ ಒಂದು ದಿನ ಹೀಗಿದೆ: "ಇವತ್ತು ಕರೆಂಟ್ ಹೋತು. ಅಪ್ಪ ಟಾರ್ಚಲ್ಲಿ ಓದಿದ್ರು. ರಾಕ್ಷಸ ಜಾಸ್ತಿ ಚಲೋ ಇದ್ದ." ಸಮೀಕ್ಷೆಗೆ ಬಂದವರಿಗೆ ತೋರಿಸಲು ಇದು ಸಾಕಾಗುತ್ತದೆ. ನಮ್ಮಲ್ಲಿಗೆ ಬಂದಿದ್ದ ಮೇಷ್ಟ್ರು ನಾಲ್ಕು ಪುಟ ಓದಿ, ಆ ರಾಕ್ಷಸನ ಕತೆ ಯಾವುದು ಅಂತ ಮಗನನ್ನೇ ಕೇಳಿದರು. ಅರ್ಧ ಗಂಟೆ ಅವರಿಗೆ ಬಿಡುಗಡೆ ಸಿಗಲಿಲ್ಲ.

ಏನೂ ಓದದ ದಿನಗಳು ಬರುತ್ತವೆ. ಸೆಕೆಗೆ ಎಲ್ಲರೂ ಸಿಡುಕುವ, ಒಬ್ಬರಿಗೊಬ್ಬರು ಮುಖ ತಿರುಗಿಸುವ ದಿನಗಳು. ಅಂಥ ದಿನ ಆ ಪುಟದಲ್ಲಿ ತಾರೀಕು ಮಾತ್ರ ಹಾಕಿ ಬಿಡಿ. ಹೋದ ಬೇಸಿಗೆ ನಮ್ಮ ನೋಟ್‌ಬುಕ್ಕಿನಲ್ಲಿ ಅಂಥ ಹನ್ನೊಂದು ಖಾಲಿ ದಿನಗಳಿವೆ.

ಮೇ ಕೊನೆಯ ವಾರ ಮೋಡ ಕಟ್ಟಲು ಶುರುವಾದ ಕೂಡಲೇ ಲೈಬ್ರರಿ ಪುಸ್ತಕಗಳನ್ನು ಎಣಿಸಿಕೊಳ್ಳಿ. ಮಂಚದ ಕೆಳಗೆ, ಅಕ್ಕಿ ಡಬ್ಬದ ಹಿಂದೆ, ಕಾರಿನ ಸೀಟಿನಡಿ ಎಲ್ಲ ಹುಡುಕಿ ವಾಪಸು ಕೊಟ್ಟುಬನ್ನಿ. ಸ್ವಂತದವನ್ನು ಒಂದು ದಿನ ನೆರಳಲ್ಲಿ ಗಾಳಿಗೆ ಹರವಿ, ಒಣಗಿದ ಬೇವಿನೆಲೆ ನಡುವೆ ಇಟ್ಟು ಎತ್ತಿಡಿ. ಅಟ್ಟದ ಗಂಟನ್ನು ಮಾತ್ರ ಎದುರುಮನೆ ಹುಡುಗ ಶಾಲೆಗೆ ಹೊರಟ ಮೇಲೆ ಇಳಿಸಿ, ಒಂದು ದಿನವೂ ಮುಂಚೆ ಬೇಡ.